ಮುತ್ತು ಕೇಳಿದ ಫಿಂಚ್

ನನ್ನ ಗಂಡ ಆಶಿಲ್‌ನ ಪ್ರಕಾರ ಹಾಡದ ಹಕ್ಕಿ ಹಕ್ಕಿಯೇ ಅಲ್ಲ. ಆತನ ಪುಟ್ಟ ಫಿಂಚ್ ಹಕ್ಕಿ ಹಾಡಿ, ಕೊನೆಗೆ "ಸುಸ್ಕೆವಿಟ್" ಅಂದರೆ ಸಾಕು, ಆತನಿಗೆ ಸ್ವರ್ಗ ಮೂರೇ ಗೇಣು. ಅಡುಗೆಮನೆಯಲ್ಲಿ ಅದರ ಪಕ್ಕದ ಪಂಜರ ನನ್ನ ಬೋಂಚೆಯದು. ಹಸಿರು ಮೈ, ಕಪ್ಪು ಗೀರು, ಅಂಗೈಯಲ್ಲಿ ಹಿಡಿಸುವ ಗಿಣಿ. ಕಿರುಚುವುದೇ ಗೊತ್ತಿಲ್ಲ, ತನ್ನಷ್ಟಕ್ಕೆ ಗುಸುಗುಸು ಅನ್ನುತ್ತಾಳೆ, ಅಷ್ಟೆ.

ಈ ವಸಂತದಲ್ಲಿ ಫಿಂಚ್ ಹಾಡುವುದನ್ನೇ ಬಿಟ್ಟಿತು. ಆಶಿಲ್‌ನ ಸಿಟ್ಟೆಲ್ಲ ಬೋಂಚೆಯ ಮೇಲೆ.

"ಈ ಮೂಗಿ ಸಹವಾಸದಿಂದ ನನ್ನ ಹಕ್ಕಿ ಕೆಟ್ಟುಹೋಯ್ತು. ಭಾನುವಾರದ ಹಾಡಿನ ಪಂದ್ಯದಲ್ಲಿ ಅದು ಬಾಯಿ ಬಿಡ್ಲಿಲ್ಲ ಅಂದ್ರೆ ಇವಳನ್ನ ಯಾರಿಗಾದ್ರೂ ಕೊಟ್ಬಿಡ್ತೀನಿ."

"ಕೊಟ್ಟು ನೋಡಿ! ಊಟಾನೂ ಅವರ ಮನೇಲೇ ಮಾಡ್ಕೊಳ್ಳಿ" ಎಂದೆ. ಬಾಯಿ ಜೋರಾಗಿತ್ತು, ಆದರೆ ಭಯವೂ ಇತ್ತು. ಆಸಾಮಿ ಹಟಮಾರಿ, ಹೇಳಿದ್ದನ್ನು ಮಾಡುವವನೇ.

ಆದರೆ ಫಿಂಚ್ ಹಾಡುತ್ತಿದ್ದ ದಿನಗಳಲ್ಲಿ ಬೋಂಚೆಯೂ "ಸುಸ್ಕೆವಿಟ್" ಕಲಿತಿದ್ದಳು. ಪಂದ್ಯದಲ್ಲಿ ಹಕ್ಕಿ ಇರುವುದು ಮುಚ್ಚಿದ ಮರದ ಪೆಟ್ಟಿಗೆಯಲ್ಲಿ, ಯಾರಿಗೂ ಕಾಣದು. ಭಾನುವಾರ ಬೆಳಿಗ್ಗೆ ಆಶಿಲ್ ಬೂಟು ಹುಡುಕುತ್ತಿದ್ದಾಗ ನಾನು ಹಕ್ಕಿ ಬದಲಾಯಿಸಿಬಿಟ್ಟೆ.

ಬೀದಿಯುದ್ದಕ್ಕೂ ಪೆಟ್ಟಿಗೆಗಳ ಸಾಲು. ಒಬ್ಬರ ಹಕ್ಕಿಯ ಲೆಕ್ಕ ಇನ್ನೊಬ್ಬರು ಇಡಬೇಕು. ಕೊನೆಯಲ್ಲಿ "ಸುಸ್ಕೆವಿಟ್" ಬಂದರೆ ಕೋಲಿನ ಮೇಲೆ ಸೀಮೆಸುಣ್ಣದ ಗೀರು, ಬರದಿದ್ದರೆ ಇಲ್ಲ. ಹೆಚ್ಚು ಗೀರು ಬಿದ್ದ ಹಕ್ಕಿಗೆ ಗೆಲುವು. ನಮ್ಮ ಪೆಟ್ಟಿಗೆಯ ಮುಂದೆ ಕುರ್ಚಿ ಹಾಕಿಕೊಂಡವನು ಪಕ್ಕದ ಮನೆಯ ಓಮೇರ್. ಆಶಿಲ್‌ನ ಕಾಲೆಳೆಯುವುದೇ ಅವನ ಕಸುಬು. ನಾನು ಅವನ ಬೆನ್ನ ಹಿಂದೆ ನಿಂತೆ.

"ಸುಸ್ಕೆವಿಟ್" ಅಂದಳು ಬೋಂಚೆ. ಓಮೇರ್ ಪೆಟ್ಟಿಗೆಗೆ ಕಿವಿಯಾನಿಸಿ ಗೀರೆಳೆದ. ಮತ್ತೆ ಅಂದಳು, ಮತ್ತೊಂದು ಗೀರು. ಆಚೆ ಕೂತಿದ್ದ ಆಶಿಲ್ ಮೀಸೆ ತಿರುವತೊಡಗಿದ.

ಆಮೇಲೆ ಪೆಟ್ಟಿಗೆಯೊಳಗಿಂದ ಸಣ್ಣಗೆ ನನ್ನ ಗಂಡನ ಮಾತೇ ಕೇಳಿಬಂತು: "ಬಾರೇ ಬಂಗಾರಿ, ಅಪ್ಪಂಗೊಂದು ಮುತ್ತು ಕೊಡು. ಗೋಡೆಲೀವ್‌ಗೆ ಹೇಳ್ಬೇಡ. ಸುಸ್ಕೆವಿಟ್!"

ಗೋಡೆಲೀವ್ ಅಂದರೆ ನಾನೇ. ಅಯ್ಯೋ ಕಳ್ಳ! ದಿನಾ ನನಗಿಂತ ಮುಂಚೆ ಎದ್ದು ಅಡುಗೆಮನೆಗೆ ಹೋಗುತ್ತಿದ್ದುದು ಇದಕ್ಕಾ?

"ಲೋ ಆಶಿಲ್, ನಿನ್ನ ಫಿಂಚ್ ಅಪ್ಪಂಗೆ ಮುತ್ತು ಕೇಳ್ತಿದೆ ಕಣೋ!" ಎಂದು ಓಮೇರ್ ಬೀದಿಗೆಲ್ಲ ಕೇಳುವಂತೆ ಕೂಗಿದ. "ಏನ್ಮಾಡ್ಲಿ, ಕೊನೆ ಸರಿಯಾಗೇ ಇದೆ. ಗೀರು ಹಾಕ್ಲೇಬೇಕು."

ಜನ ಬಿದ್ದು ಬಿದ್ದು ನಕ್ಕರು. ಪೆಟ್ಟಿಗೆ ತೆರೆದರೆ ಒಳಗೆ ಗಿಣಿ; ನಮ್ಮನ್ನು ಪಂದ್ಯದಿಂದ ಹೊರಗೆ ಹಾಕಿದರು. ಕೆಂಪೇರಿದ ಮುಖ ಹೊತ್ತ ಆಶಿಲ್ ಪೆಟ್ಟಿಗೆಯನ್ನು ಎದೆಗವಚಿಕೊಂಡು ಮನೆಯತ್ತ ದಾಪುಗಾಲು ಹಾಕಿದ.

"ಯಾರಿಗೆ ಕೊಡ್ತೀರಿ ಇವಳನ್ನ?" ಹಿಂದಿನಿಂದ ಕೆಣಕಿದೆ.

"ಬಾಯ್ಮುಚ್ಚೇ! ಮೊದ್ಲು ನಿನ್ನ ಶಾಲು ಇತ್ತ ಕೊಡು" ಎಂದು ಗದರಿದ. "ಮಗೂಗೆ ಗಾಳಿ ಬಡಿಯುತ್ತೆ."