ಒಡಕು

"ಬಾಯಿ ತೆಗಿ. ಇನ್ನೂ ಅಗಲ. ನಾಲಿಗೆ ಎತ್ತು."

ಮೇಸ್ತ್ರಿ ಅವಳ ಬಾಯೊಳಗೆ ಟಾರ್ಚು ಬಿಟ್ಟು ನೋಡಿದ. ಮೊಟ್ಟೆ ವಿಂಗಡಿಸುವ ಆ ಶೆಡ್ಡಿನಲ್ಲಿ ಊಟದ ಬಿಡುವು ಮುಗಿದ ಮೇಲೆ ದಿನವೂ ಇದೇ ತಪಾಸಣೆ. ನಾಲಿಗೆಯ ಮೇಲೆ ಮೊಟ್ಟೆಯ ಹಳದಿ ಕಂಡರೆ ಕೆಲಸ ಹೋಯಿತು.

"ಆರು ತಿಂಗಳ ಬಸುರಿ. ನಿನ್ನ ಕಣ್ಣೆಲ್ಲ ಟ್ರೇ ಮೇಲೇ ಇರುತ್ತೆ, ಗೊತ್ತು ನಂಗೆ."

"ಕೆಲಸ ಮಾಡೋಳ ಕಣ್ಣು ಇನ್ನೆಲ್ಲಿರಬೇಕಣ್ಣ, ನಿನ್ನ ಮುಖದ ಮೇಲಾ?"

ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

"ನಕ್ಕೋಳು ಯಾವಳೇ ಮುಂಡೆ?" ಎಂದ ಮೇಸ್ತ್ರಿ. ಎಲ್ಲರೂ ಟ್ರೇಗಳತ್ತ ಬಗ್ಗಿದರು.

ಆ ಬಸುರಿಯನ್ನು ಎಲ್ಲರೂ ಕಿವಿ ಎಂದೇ ಕರೆಯುತ್ತಿದ್ದರು. ಎರಡು ಮೊಟ್ಟೆಗಳನ್ನು ಕಿವಿಯ ಹತ್ತಿರ ಹಿಡಿದು ಮೆಲ್ಲಗೆ ತಾಗಿಸುವುದು ಅವಳ ಕೆಲಸ. ಗಟ್ಟಿಯಿದ್ದರೆ ಟಿಣ್ ಎನ್ನುತ್ತದೆ; ಕೂದಲೆಳೆಯಷ್ಟು ಬಿರುಕಿದ್ದರೂ ಸದ್ದು ಸತ್ತುಹೋಗುತ್ತದೆ. ಅವಳು "ಒಡಕು" ಎಂದರೆ ಮುಗಿಯಿತು, ಮೇಸ್ತ್ರಿಯೂ ಮತ್ತೆ ಕೇಳುತ್ತಿರಲಿಲ್ಲ. ಒಡಕು ನೀಲಿ ಬಕೆಟ್ಟಿಗೆ ಹೋಗುತ್ತಿತ್ತು, ಬಕೆಟ್ಟು ಊಟದ ಹೊತ್ತಿಗೆ ಯಜಮಾನರ ನಾಯಿಗಳಿಗೆ.

ಕಳೆದ ವಾರ ಆಸ್ಪತ್ರೆಯಲ್ಲಿ ಟೇಪು ಹಿಡಿದು ಹೊಟ್ಟೆ ಅಳೆದವರು, ಮಗು ತಿಂಗಳಿಗೆ ತಕ್ಕಷ್ಟು ಬೆಳೆದಿಲ್ಲ ಅಂದಿದ್ದರು. ಮೊದಲನೆಯದೂ ಹಾಗೆಯೇ, ಅಂಗೈಯಗಲ ಹುಟ್ಟಿ, ಒಂಬತ್ತು ದಿನ ಇದ್ದು ಹೋಗಿತ್ತು. ದಿನಕ್ಕೊಂದು ಒಡಕು ಕೊಡಣ್ಣ ಎಂದು ಅವಳು ಮೇಸ್ತ್ರಿಯನ್ನು ಕೇಳಿದ್ದಳು.

"ನಾಯಿಗೇನು ಹಾಕಲಿ, ನಿನ್ನ ಗಂಡನ್ನ?" ಅಂದಿದ್ದ.

ಪಕ್ಕದಲ್ಲಿ ಕೂರುವ ಅಜ್ಜಿ ಮಾತ್ರ ಮಧ್ಯಾಹ್ನ ತನ್ನ ಡಬ್ಬಿಯಿಂದ ಒಂದು ಹಿಡಿ ಕಡಲೆಕಾಯಿ ಬೀಜ ಅವಳ ಮಡಿಲಿಗೆ ಸುರಿಯುತ್ತಿದ್ದಳು. "ತಿನ್ನೇ, ನಂಗೆ ಹಲ್ಲಿಲ್ಲ." ಅಜ್ಜಿಗೆ ಬಾಯಿ ತುಂಬ ಹಲ್ಲಿದ್ದವು.

ಅವತ್ತು ಮಧ್ಯಾಹ್ನ ಆರೋಗ್ಯ ಕೇಂದ್ರದ ಮೇಡಂ ಚಿತ್ರಪಟ ಹಿಡಿದು ಬಂದರು. ಗೋಡೆಗೆ ತೂಗುಹಾಕಿ, ಬೆರಳಿಟ್ಟು ತೋರಿಸಿದರು.

"ಹೊಟ್ಟೆಲಿರೋ ಮಗುಗೆ ಬೇರೆ ಅಡುಗೆಮನೆ ಇಲ್ಲಮ್ಮ. ತಾಯಿ ತಿಂದಿದ್ದೇ ಅದರ ರಕ್ತ, ಮೂಳೆ, ಮಿದುಳು. ಹಾಲು, ಸೊಪ್ಪು, ಬೇಳೆ, ದಿನಕ್ಕೊಂದು ಮೊಟ್ಟೆ."

ಕಿವಿಯನ್ನು ಹತ್ತಿರ ಕರೆದು, ಅವಳ ಕಣ್ಣಿನ ಕೆಳರೆಪ್ಪೆಯನ್ನು ಎಳೆದು ನೋಡಿದರು. ಸುಣ್ಣದಂತೆ ಬೆಳ್ಳಗಿತ್ತು. ಮೇಡಂ ತಾವು ಕೂತಿದ್ದ ಕುರ್ಚಿಯನ್ನು ಅವಳತ್ತ ಸರಿಸಿದರು.

"ಮೊಟ್ಟೆ ತಿಂತೀಯೇನಮ್ಮ?"

"ಮುಟ್ತೀನಿ ಮೇಡಂ. ದಿನಕ್ಕೆ ನಾಲ್ಕೈದು ಸಾವಿರ."

"ತಮಾಷೆ ಹುಡುಗಿ ಮೇಡಂ," ಎಂದು ಮೇಸ್ತ್ರಿ ನಕ್ಕ. "ಒಂದು ಫೋಟೋ ತೆಗೆದುಬಿಡೋಣ. ಯಜಮಾನರು ಕೇಳಿದಾರೆ."

ಟ್ರೇಯಲ್ಲಿದ್ದ ದೊಡ್ಡ ಮೊಟ್ಟೆಯನ್ನೇ ಆರಿಸಿ ಅವಳ ಕೈಗಿಟ್ಟ. "ಹಿಂಗೆ ಎದೆ ಹತ್ರ ಹಿಡಿ. ನಗೇ, ಸತ್ತೋರ ಮನೆಗೆ ಬಂದಂಗೆ ನಿಂತಿದೀಯ."

ಫೋಟೋ ಆಯಿತು. ಮೇಡಂ ಬಗ್ಗಿ ಚಿತ್ರಪಟ ಸುತ್ತುತ್ತಿದ್ದರು. ಮೇಸ್ತ್ರಿ ಅಂಗೈ ಚಾಚಿದ.

"ಇತ್ಲಾಗೆ ಕೊಡು."

ಮೊಟ್ಟೆ ಅವಳ ಕೈಯ ಬಿಸಿಗೆ ಬೆಚ್ಚಗಾಗಿತ್ತು. ಅವಳು ಟ್ರೇಯಿಂದ ಇನ್ನೊಂದನ್ನೆತ್ತಿ ಕಿವಿಯ ಹತ್ತಿರ ತಂದು ತಾಗಿಸಿದಳು. ಟಿಣ್. ಇಡೀ ಸಾಲಿಗೆ ಕೇಳಿಸಿತು.

"ಒಡಕು," ಎಂದಳು.

"ಬೊಗಳಬೇಡ. ಟಿಣ್ ಅಂತು."

"ಕಿವಿ ಯಾರು, ನೀನಾ ನಾನಾ?"

ಮೇಜಿನ ಅಂಚಿಗೆ ಕುಟ್ಟಿ, ತಲೆ ಹಿಂದಕ್ಕೆ ಚೆಲ್ಲಿ, ಮೊಟ್ಟೆಯನ್ನು ಹಸಿಯಾಗಿಯೇ ಗಂಟಲಿಗೆ ಸುರಿದುಕೊಂಡಳು. ವಾಕರಿಕೆ ಬಂತು. ಬಾಯಿಗೆ ಕೈ ಒತ್ತಿ ನುಂಗಿದಳು. ಆಮೇಲೆ ಅವನ ಮುಂದೆ ಬಾಯಗಲಿಸಿ, ಹಳದಿ ನಾಲಿಗೆಯನ್ನು ಪೂರ್ತಿ ಹೊರಗೆ ಚಾಚಿದಳು.

"ಬಿಡು ಟಾರ್ಚು. ನೋಡ್ಕೋ."

"ನಡಿಯೇ ಆಚೆ, ಹಲ್ಕಾ ಮುಂಡೆ. ನಾಳೆಯಿಂದ ಗೇಟಿನ ಹತ್ರ ಕಂಡರೆ ನಾಯಿ ಬಿಡ್ತೀನಿ."

ಅವಳು ಕುರ್ಚಿ ಎಳೆದುಕೊಂಡು ಕೂತಳು. ಎರಡನೆಯ ಮೊಟ್ಟೆಗೆ ಕೈ ಹಾಕಿದಳು.

"ಇವಳದು ಸರಿ ಕಣಯ್ಯ," ಎಂದಳು ಅಜ್ಜಿ, ತನ್ನ ಟ್ರೇಯಿಂದ ಎರಡನ್ನು ಎತ್ತಿಕೊಳ್ಳುತ್ತ. "ನನ್ನ ಕಿವಿ ಮಂದ. ನಂಗೇ ಕೇಳಿಸ್ತು." ತಾಗಿಸಿದಳು. ಟಿಣ್. "ನೋಡು, ಇದೂ ಒಡಕು."

ಸಾಲಿನ ಆ ತುದಿಯಲ್ಲಿ ಇನ್ನೊಂದು ಟಿಣ್ ಎಂದಿತು.

ಮೇಸ್ತ್ರಿಯ ಟಾರ್ಚು ಹೊತ್ತಿಕೊಂಡಿತ್ತು. ಯಾರ ಬಾಯಿಗೆ ಬಿಡಬೇಕೆಂದು ತಿಳಿಯದೆ, ಬೆಳಕು ಖಾಲಿ ನೀಲಿ ಬಕೆಟ್ಟಿನ ತಳದಲ್ಲಿ ಅಲುಗಾಡುತ್ತಿತ್ತು.