ಗಫಾರ್ ಹಂಚಿದ ಅಕ್ಷರ

“ಒಸಿ ತಡೀರಿ, ಹಲಗೆ ಸರೀಗ್ ಕೂತಿಲ್ಲ” ಎಂದು ಗುಂಡಿಯೊಳಗಿಂದ ಕರೀಂ ಕೂಗಿದ. ಮೇಲೆ ನಿಂತಿದ್ದ ಮರಿಯಪ್ಪ ಬಗ್ಗಿ ಇನ್ನೊಂದು ಹಲಗೆ ದಾಟಿಸಿದ. ಕೆಳಗೆ ಬಿಳಿ ಬಟ್ಟೆಯಲ್ಲಿ ಗಫಾರ್ ಮಲಗಿದ್ದ. ಹಾರೋಹಳ್ಳಿಯ ಕಾರ್ಖಾನೆಯೊಂದರ ಗೇಟಿನಲ್ಲಿ ಲಾರಿ ನಂಬರು ಬರೆದುಕೊಳ್ಳುತ್ತಿದ್ದವನು ನಿನ್ನೆ ಸಂಜೆ ಕುರ್ಚಿಯಿಂದ ಜಾರಿ ಬಿದ್ದಿದ್ದ. ಆಸ್ಪತ್ರೆ ಮುಟ್ಟುವಷ್ಟರಲ್ಲಿ ಮುಗಿದಿತ್ತು. ವಯಸ್ಸು ನಲವತ್ತೆರಡು.

ಕರೀಂ ಗಫಾರನ ಹೆಂಡತಿ ಅತಿಯಾಳ ತಮ್ಮ. ಮೇಲೆ ಹತ್ತಿ ಬಂದವನು, ಎಲ್ಲರೂ ಮೂರು ಮೂರು ಹಿಡಿ ಮಣ್ಣು ಹಾಕುತ್ತಿದ್ದರೂ ಮರಿಯಪ್ಪ ದೂರ ಸರಿದದ್ದನ್ನು ಕಂಡ.

“ಹಾಕಿ ಮರಿಯಪ್ಪಣ್ಣ. ನೀವೇ ಹಿಂದೆ ನಿಂತ್ರೆ ಹೆಂಗೆ?”

“ನನ್ ಕೈಯಿಂದ ಬ್ಯಾಡ ಕಣಪ್ಪ.”

“ಭಾವ ನಿಮ್ ಮೇಲೆ ಒಂದಿನಾನೂ ಸಿಟ್ಟು ಇಟ್ಕಂಡಿರ್ನಿಲ್ಲ.”

ಆ ಮಾತನ್ನು ಕೇಳಲಾರದೆ ಮರಿಯಪ್ಪ ತಲೆ ತಗ್ಗಿಸಿದ.

*

ಚನ್ನಪಟ್ಟಣದ ಬಸ್ ಸ್ಟ್ಯಾಂಡಿನ ಹಿಂದೆ ಮರಿಯಪ್ಪನ ಪ್ರೆಸ್ಸು, ಅದಕ್ಕೆ ಗೋಡೆ ಹಂಚಿಕೊಂಡು ಆಗ ಗಫಾರನ ಡಿಟಿಪಿ ಅಂಗಡಿ. ಎರಡು ವರ್ಷ ಕೂತು, ಒತ್ತಕ್ಷರಗಳನ್ನೂ ಬಿಡದೆ, ಒಂದೊಂದು ಕನ್ನಡ ಅಕ್ಷರವನ್ನೂ ಗಫಾರ್ ಕಂಪ್ಯೂಟರಿನಲ್ಲಿ ತಾನೇ ಬರೆದು ಒಂದು ಫಾಂಟ್ ಮಾಡಿದ.

“ಇದ್ನ ಮಾರ್ಬುಡೋ” ಎಂದ ಮರಿಯಪ್ಪ.

“ಮಾರಿದ್ರೆ ಹತ್ ಜನ ತಗೋತಾರೆ ಕಣಣ್ಣ. ಹಂಗೇ ಕೊಟ್ರೆ ನಾಲ್ಕು ತಾಲ್ಲೂಕೂ ಬರೀತದೆ. ತಪ್ಪಿದ್ರೆ ಅವ್ರೇ ತಿದ್ದಿ ಕಳಿಸ್ತಾರೆ. ನಂಗೆ ಟೈಪಿಂಗ್ ಕೆಲ್ಸ ಬಂದ್ರೆ ಸಾಕು.”

ಕೇಳಿದವರಿಗೆಲ್ಲ ಸಿ.ಡಿ.ಗೆ ಹಾಕಿ ಕೊಟ್ಟ. ಜೊತೆಗೊಂದು ಚೀಟಿ: ‘ಬಳಸಿ, ತಿದ್ದಿ, ಹಂಚಿ. ಬೀಗ ಮಾತ್ರ ಹಾಕಬೇಡಿ.’ ಮಾಗಡಿಯಿಂದ ಕನಕಪುರದವರೆಗೆ ಮದುವೆ ಕಾರ್ಡುಗಳು ಅವನ ಅಕ್ಷರದಲ್ಲೇ ಬಂದವು.

ಬೆಂಗಳೂರಿನ ಕಂಪನಿಯೊಂದು ಆ ಚೀಟಿಯನ್ನು ಕಿತ್ತೆಸೆದು, ಅದೇ ಅಕ್ಷರಕ್ಕೆ ಹೊಸ ಹೆಸರಿಟ್ಟು, ಯಾರೂ ನಕಲು ಮಾಡಿಕೊಳ್ಳದಂತೆ ಬೀಗ ಹಾಕಿ, ಡಬ್ಬಿಯಲ್ಲಿ ಮಾರತೊಡಗಿತು. ಕಚೇರಿಗಳು ಡಬ್ಬಿಯ ಅಕ್ಷರದಲ್ಲೇ ಕೆಲಸ ಕೇಳಿದವು. ಗಫಾರನ ಕೆಲಸ ಬತ್ತಿತು. ವಕೀಲರು, “ನಿಮ್ಮದೇ ಅನ್ನೋಕೆ ರಿಜಿಸ್ಟ್ರೇಷನ್ ಎಲ್ಲಿ?” ಎಂದು ಕೇಳಿದರು. ಅವನ ಬಳಿ ಇದ್ದ ಪುರಾವೆಯೆಲ್ಲ ಆ ಒಂದು ಕಂಪ್ಯೂಟರಿನೊಳಗಿತ್ತು.

ಎರಡು ಸಾವಿರದ ಆರರಲ್ಲಿ ಕಂಪನಿಯವರು ಪೊಲೀಸರ ಜೊತೆ ಬಂದು, ತಮ್ಮ ಅಕ್ಷರ ಕದ್ದಿದ್ದಾನೆಂದು ಆ ಕಂಪ್ಯೂಟರನ್ನೂ ಸಿ.ಡಿ.ಗಳನ್ನೂ ಜಪ್ತಿ ಮಾಡಿದರು. ಮಹಜರಿಗೆ ಸಾಕ್ಷಿಯಾಗಿ ಪಕ್ಕದ ಮರಿಯಪ್ಪನನ್ನು ಕರೆದರು.

“ಸೈನ್ ಹಾಕ್ತೀರೋ, ನಿಮ್ ಮಿಷಿನ್ನೂ ತೆಗೆದು ನೋಡ್ಬೇಕೋ?” ಎಂದ ಪೊಲೀಸಿನವನು.

ಮರಿಯಪ್ಪನ ಕಂಪ್ಯೂಟರಿನಲ್ಲಿ ದುಡ್ಡು ಕೊಟ್ಟು ತಂದ ಸಾಫ್ಟ್‌ವೇರ್ ಒಂದೂ ಇರಲಿಲ್ಲ. ‘ಇಲ್ಲಿ ಸಿಕ್ಕ ಅಕ್ಷರಗಳು ಕಂಪನಿಯವು’ ಎಂದಿದ್ದ ಕಾಗದವನ್ನು ಅವನು ಓದಿದ. ಪೆನ್ನಿಗೆ ತಡಕಾಡಿದಾಗ ಗಫಾರನೇ ಜೇಬಿನಿಂದ ತೆಗೆದು ಕೊಟ್ಟ.

“ಹಾಕ್ಬುಡಣ್ಣ. ನಿಂಗೂ ಮಕ್ಕಳವ್ರೆ.”

ಮರಿಯಪ್ಪ ಹಾಕಿದ. ಗಫಾರ್ ಅಂಗಡಿ ಮುಚ್ಚಿ ಗೇಟಿನ ಕೆಲಸಕ್ಕೆ ಹೋದ. ಮರಿಯಪ್ಪ ಮರುವಾರವೇ ಹೋಗಿ ಕಂಪನಿಯ ಆ ಡಬ್ಬಿಯನ್ನೂ ಕೊಂಡು ತಂದ.

*

ಕೊನೆಗೆ ಕರೀಂ ಕೈಹಿಡಿದು ಎಳೆದಾಗ ಮರಿಯಪ್ಪ ಮಣ್ಣು ಹಾಕಿದ. ಆಮೇಲೆ ಮನೆಯ ಹತ್ತಿರ ಹೋದರೆ, ಬಾಗಿಲ ಪರದೆಯ ಹಿಂದಿನಿಂದ ಅತಿಯಾಳ ದನಿ ಬಂತು.

“ಅಣ್ಣಾ, ಕೋರ್ಟಲ್ಲಿರೋ ಕಂಪ್ಯೂಟರು ವಾಪಸ್ ಬತ್ತದಾ? ಅದ್ರಾಗೆ ಅವರ್ದೆಲ್ಲಾ ಐತೆ.”

ಹೋದ ತಿಂಗಳು ಮರಿಯಪ್ಪ ವಿಚಾರಿಸಿ ಬಂದಿದ್ದ. ಕೋರ್ಟಿನ ಉಗ್ರಾಣ ಸೋರಿ ಮೂಟೆಗಳೆಲ್ಲ ನೆನೆದಿದ್ದವು. ಕಂಪ್ಯೂಟರಿನ ಒಳಗಿನ ಲೋಹ ತುಕ್ಕು ಹಿಡಿದು ಕೈಗೆ ಪುಡಿಪುಡಿಯಾಗಿ ಬಂದಿತ್ತು.

“ಕೇಳ್ತೀನಮ್ಮ” ಎಂದ.

ಪ್ರೆಸ್ಸಿನ ಮುಂದೆ ಹುಡುಗಿಯೊಬ್ಬಳು ಕಾಯುತ್ತಿದ್ದಳು. ನವ್ಯಶ್ರೀ ಅಂತೆ, ಕುದೂರು ಕಡೆ ಶಾಲೆಯ ಹೊಸ ಟೀಚರು.

“ಸಾರ್, ಪಕ್ಕದಂಗ್ಡಿ ಗಫಾರ್ ಅನ್ನೋರು ಕನ್ನಡ ಅಕ್ಷರ ಹಂಗೇ ಕೊಡ್ತಾರಂತೆ. ನಮ್ ಮಕ್ಳು ಪತ್ರಿಕೆ ಮಾಡವ್ರೆ. ಸ್ಕೂಲಲ್ಲಿ ಕಂಪ್ಯೂಟರ್ ಐತೆ, ಅಕ್ಷರ ಇಲ್ಲ.” ಕೈಯಲ್ಲಿ ಖಾಲಿ ಸಿ.ಡಿ. ಇತ್ತು.

“ಅವ್ರು ತೀರ್ಕೊಂಡ್ರಮ್ಮ. ಈಗ ಮಣ್ಣು ಮಾಡಿ ಬಂದೆ.”

ಅವಳು ಬಾಗಿಲಿನಿಂದ ಒಳಗೆ ಇಣುಕಿದಳು. ಮರಿಯಪ್ಪನ ಕಂಪ್ಯೂಟರ್ ಪರದೆಯ ಮೇಲೆ ಯಾರದೋ ಗೃಹಪ್ರವೇಶದ ಕಾರ್ಡು ಅದೇ ಅಕ್ಷರದಲ್ಲಿ ತೆರೆದಿತ್ತು.

“ಆ ಅಕ್ಷರ ನಿಮ್ ಹತ್ರ ಐತಾ ಸಾರ್?”

“ಐತೆ” ಎಂದ ಮರಿಯಪ್ಪ. “ಕಂಪನಿ ಡಬ್ಬೀದು, ಬೀಗ ಐತೆ. ಕೊಡೋಕಾಗಲ್ಲ.”

ಅವಳು ಚೀಲದಿಂದ ಮಕ್ಕಳ ಹಾಳೆಗಳನ್ನು ತೆಗೆದಳು. ಪೆನ್ಸಿಲಿನಲ್ಲಿ ಒತ್ತಿ ಒತ್ತಿ ಬರೆದ ದಪ್ಪ, ಸೊಟ್ಟ ಸಾಲುಗಳು. ಖಾಲಿ ಸಿ.ಡಿ.ಯನ್ನು ಅವುಗಳ ನಡುವೆ ಸೇರಿಸಿ, ದಾರ ಸುತ್ತಿ ಗಂಟು ಹಾಕಿ, ಕುದೂರು ಬಸ್ಸಿನತ್ತ ನಡೆದಳು.