ಗೆರೆಯೊಳಗಿನ ಬಾಗಿಲು

ಆದೆಮ್ಮ ಮುಂಜಾನೆಯಿಂದ ನೀರು ಕುಡಿದಿರಲಿಲ್ಲ. ರಾಯಚೂರಿನ ಬಿಸಿಲು ಆಗಲೇ ನೆತ್ತಿ ಸುಡುತ್ತಿತ್ತು. ನಾಲಿಗೆ ಒಣಗಿ ಅಂಗುಳಕ್ಕೆ ಅಂಟುತ್ತಿತ್ತು. ಆದರೂ ಕುಡಿಯುವ ಧೈರ್ಯವಿಲ್ಲ. ಕುಡಿದರೆ ಹೋಗಬೇಕಾಗುತ್ತದೆ. ಹೋಗಲು ಜಾಗವಿಲ್ಲ.

ದೇವದುರ್ಗದ ಕಡೆಯಿಂದ ಬಂದ ಅವಳು ಗುತ್ತಿಗೆದಾರನೊಬ್ಬನ ಕೈಕೆಳಗೆ ಬೀದಿ ಗುಡಿಸುತ್ತಿದ್ದಳು. ಕೆಲಸ ಮುಗಿಯುವ ತನಕ ಕೊರಳಲ್ಲಿ ಫೋನು ನೇತಾಡಬೇಕು. ಆಫೀಸಿನ ಪರದೆಯ ನಕ್ಷೆಯ ಮೇಲೆ ಅವಳ ಬಡಾವಣೆಯ ಸುತ್ತ ಒಂದು ಗೆರೆ ಎಳೆದಿದ್ದರು. ಬ್ಯಾಟರಿ ಉಳಿಯಲಿ, ನೆಟ್‌ವರ್ಕಿಗೆ ಭಾರವಾಗದಿರಲಿ ಎಂದು, ಗೆರೆಯೊಳಗೆ ಇರುವಷ್ಟು ಹೊತ್ತು ಫೋನು ಸುಮ್ಮನಿರುತ್ತಿತ್ತು. ಅವಳು ಎಷ್ಟು ಗುಡಿಸಿದಳು, ಎಷ್ಟು ಹೊತ್ತಳು, ಒಂದನ್ನೂ ಹೇಳುತ್ತಿರಲಿಲ್ಲ. ಗೆರೆ ದಾಟಿದಳೋ, ಆಗ ಮಾತ್ರ ಚಾಡಿ ಹೇಳುತ್ತಿತ್ತು. ಪರದೆಯ ಮೇಲೆ ಅವಳ ಹೆಸರಿನ ಹಸಿರು ಚುಕ್ಕಿ ಕೆಂಪಾಗುತ್ತಿತ್ತು. ಅರ್ಧ ದಿನದ ಕೂಲಿ ಹೋಗುತ್ತಿತ್ತು.

ಅವಳಿಗೆ ಉರಿಮೂತ್ರ. "ಕಟ್ಟಿಕೊಂಡು ಕೂಡಬ್ಯಾಡ" ಎಂದು ಡಾಕ್ಟರು ಗದರಿದ್ದರು. ಅಂದು ತಡೆಯಲಾಗಲಿಲ್ಲ. ಹೊಟ್ಟೆ ಹಿಡಿದುಕೊಂಡು ರೈಲ್ವೆ ಹಳಿಯ ಆಚೆ ಜಾಲಿಗಿಡಗಳ ಮರೆಗೆ ಓಡಿದಳು. ಕೂತಿದ್ದಳೋ ಇಲ್ಲವೋ, ಎದೆಯ ಮೇಲೆ ಫೋನು ಬಡಕೊಂಡಿತು.

"ಎಲ್ಲಿ ಅದೀ ಬೇ?" ಮೇಲ್ವಿಚಾರಕ ಯಂಕೋಬ ಕೇಳಿದ.

"ಇಲ್ಲೇ ರೀ ಸರ್... ಬಂದೆ."

"ಇಲ್ಲೇ ಅಂದ್ರ? ಇಲ್ಲಿ ಕೆಂಪಗ ತೋರಸಾಕತ್ತದ. ಮಧ್ಯಾಹ್ನ ಆಫೀಸಿಗಿ ಬಾ. ನಿನ್ನ ಹೆಸರೇ ತಗದ ಬಿಡ್ತೀನಿ."

ಆಫೀಸಿಗೆ ಅವಳೊಬ್ಬಳೇ ಹೋಗಲಿಲ್ಲ. ಜೊತೆಗೆ ಗುಡಿಸುವ ಗುಲ್ಫಶಾ ಬಂದಳು. ಉಳಿದ ಹೆಂಗಸರೂ ಹಿಂದೆ ಬಂದು ಬಾಗಿಲಲ್ಲಿ ನಿಂತರು. ಯಂಕೋಬ ಪರದೆಯನ್ನು ಎಲ್ಲರಿಗೂ ಕಾಣುವಂತೆ ತಿರುಗಿಸಿದ.

"ಹೇಳು. ಜಾಲಿಗಿಡದಾಗ ಏನ್ ಮಾಡಾಕತ್ತಿದ್ದಿ? ಯಾರ್ ಬಂದಿದ್ರು ಅಲ್ಲಿ?"

ಅಲ್ಲೇ ಕೂತಿದ್ದ ಕಸದ ಗಾಡಿಯ ಗಂಡಸರು ಕಿಸಕ್ಕನೆ ನಕ್ಕರು. ಆದೆಮ್ಮ ನೆಲ ನೋಡಿದಳು.

"ಸರ್," ಎಂದಳು ಗುಲ್ಫಶಾ. "ನಿಮ್ಮ ಫೋನಿಗೆ ಒಂದು ಮಾತು ಕೇಳ್ರಿ. ಇಲ್ಲಿ ಹತ್ತರ ಹೆಣ್ಣುಮಕ್ಕಳ ಪಾಯಖಾನಿ ಎಲ್ಲಿ ಅದ?"

"ಏ, ಅದ್ಯಾಕ ಈಗ?"

"ಕೇಳ್ರೀ. ನಾವ್ ಎಲ್ಲಿ ಅದೀವಿ ಅಂತ ಲಗೂನ ಹೇಳ್ತದಲ್ಲ. ಇದನ್ನೂ ಹೇಳ್ಲಿ."

ಬಾಗಿಲಲ್ಲಿದ್ದವರು ಒಳಗೆ ನುಗ್ಗಿ ಮೇಜಿನ ಸುತ್ತ ನಿಂತರು. ಯಂಕೋಬ ಫೋನಿನಲ್ಲಿ ಒತ್ತಿದ. ಚಕ್ರ ತಿರುಗಿತು. ಉತ್ತರ ಬಂತು.

"ಬಸ್ ಸ್ಟ್ಯಾಂಡಿನಾಗ ಅದ."

"ಗೆರಿ ಒಳಗೋ, ಹೊರಗೋ?"

ಬಸ್ ಸ್ಟ್ಯಾಂಡು ಗೆರೆಯ ಹೊರಗಿತ್ತು; ಅವನು ಪರದೆಯನ್ನು ತನ್ನ ಕಡೆಗೆ ತಿರುಗಿಸಿಕೊಂಡ.

ಆದೆಮ್ಮ ತಲೆ ಎತ್ತಿದಳು. "ಉಚ್ಚಿ ಹೊಯ್ಯಾಕ ಹೋಗಿದ್ನಿ," ಎಂದಳು ಎಲ್ಲರಿಗೂ ಕೇಳುವಂತೆ. "ಮ್ಯಾಲಿನವ್ರಿಗಿ ಹಂಗ ಹೇಳ್ರಿ."

ನಕ್ಕಿದ್ದ ಗಂಡಸರು ಈಗ ನೆಲ ನೋಡಿದರು.

"ಈ ಆಫೀಸು ಗೆರಿ ಒಳಗ ಅದ ಹೌದಲ್ರಿ?" ಆದೆಮ್ಮ ಯಂಕೋಬನನ್ನು ಕೇಳಿದಳು.

"ಅದ. ಯಾಕ?"

ಅವನ ಕುರ್ಚಿಯ ಹಿಂದೊಂದು ಬಾಗಿಲಿತ್ತು. ಗುತ್ತಿಗೆದಾರನ ಪಾಯಖಾನೆ. ಈ ಹೆಂಗಸರು ಅದರೊಳಗೆ ಕಾಲಿಟ್ಟದ್ದು ತೊಳೆಯಲು ಮಾತ್ರ. ಆದೆಮ್ಮ ನೆಟ್ಟಗೆ ಅತ್ತ ನಡೆದಳು.

"ಏಯ್! ಸಾಹುಕಾರ್ರದು ಅದು!"

ಒಳಗಿನಿಂದ ಚಿಲಕ ಬಿತ್ತು. ಗುಲ್ಫಶಾ ಬಾಗಿಲಿಗೆ ಬೆನ್ನು ಕೊಟ್ಟು ನಿಂತಳು. ಅವಳ ಮುಂದೆ ಒಬ್ಬೊಬ್ಬರಾಗಿ ಹೆಂಗಸರು ಸಾಲು ಹಚ್ಚಿದರು. ಯಂಕೋಬ ಕೂಗಿದ, ಬೈದ, ಕೊನೆಗೆ ಎದ್ದು ಹೊರಗೆ ಹೋದ.

ಆ ದಿನ ಎಲ್ಲರ ಕೂಲಿಯೂ ಹೋಯಿತು. ಮರುದಿನ ಬೆಳಗ್ಗೆ ಆ ಬಾಗಿಲಿಗೆ ಬೀಗ ಬಿದ್ದಿತ್ತು.

ಹೆಂಗಸರು ಪೊರಕೆಗಳನ್ನು ಮೂಲೆಗಿಟ್ಟು ಬೀಗದ ಮುಂದೆ ಕೂತರು. ಬಿಸಿಲೇರಿತು. ಗುತ್ತಿಗೆದಾರನೇ ಕಾರಿನಲ್ಲಿ ಬಂದಿಳಿದ.

"ಓಣಿಯೆಲ್ಲ ನಾರಾಕತ್ತದ! ಏಳ್ರಿ, ಕೆಲಸಕ್ಕ ಹೋಗ್ರಿ!"

"ಮೊದ್ಲ ಕೀಲಿ ತಗೀರಿ," ಎಂದಳು ಆದೆಮ್ಮ. "ಕಸ ಆಮ್ಯಾಗ."

ಯಾರೂ ಏಳಲಿಲ್ಲ.